ಬೀಗರ ತೂಕ ಕೇಳುವುದು ಹೇಗೆ

ನನ್ನ ತಮ್ಮ ಇರಜ್‌ಗೆ ವಿಮಾನ ಹಾರಿಸುವುದು ಗೊತ್ತಿತ್ತು, ಬಾಯಿಬಿಟ್ಟು ‘ಆಗಲ್ಲ’ ಎನ್ನುವುದು ಗೊತ್ತಿರಲಿಲ್ಲ. ಸೈನ್ಯದಲ್ಲಿ ಹೆಲಿಕಾಪ್ಟರ್ ನಡೆಸಿ ನಿವೃತ್ತನಾಗಿ ಬಂದವನು, ಇಬ್ಬರು ಹಳೆಯ ಗೆಳೆಯರ ಜೊತೆ ಪಾಲಿನಲ್ಲಿ ನಾಲ್ಕು ಸೀಟಿನ ಒಂದು ಹಳೆ ವಿಮಾನ ಕೊಂಡು, ಕಜ್ವೀನ್ ಊರಾಚೆ ದ್ರಾಕ್ಷಿ ತೋಟಗಳ ನಡುವೆ ಇದ್ದ ಕ್ಲಬ್ಬಿನ ಮೈದಾನದಲ್ಲಿ ಇಟ್ಟಿದ್ದ. ನೆಂಟರು ಬಂದರೆ ಸಾಕು, ಚಹಾ ಬರುವ ಮೊದಲೇ "ಬನ್ನಿ, ಒಂದು ಸುತ್ತು ಹಾಕಿಸ್ತೀನಿ" ಎನ್ನುತ್ತಿದ್ದ. ಅವರು ಬೇಡ ಎನ್ನುತ್ತಿದ್ದರು, ಇವನು ಬಿಡುತ್ತಿರಲಿಲ್ಲ, ಕೊನೆಗೆ ಯಾರಿಗೂ ಬೇಡವಾದ ಒಂದು ಸುತ್ತು ಆಗಿಯೇ ಆಗುತ್ತಿತ್ತು.

ಮನೆಯಲ್ಲಿ ಐದು ಜನ. ನಮ್ಮ ತಾಯಿ, ಅವಳನ್ನು ಎಲ್ಲರೂ ಬೀಬಿ ಎನ್ನುತ್ತೇವೆ. ಇರಜ್, ಅವನ ಹೆಂಡತಿ ಮಹೀನ್, ಅವರ ಒಬ್ಬಳೇ ಮಗಳು ಗೋಲ್ನೂಶ್. ಮತ್ತೆ ನಾನು, ಫರಂಗೀಸ್. ಗಂಡ ತೀರಿಕೊಂಡ ಮೇಲೆ ಮಹಡಿಯ ಮೇಲಿನ ಎರಡು ಕೋಣೆಗೆ ಬಂದು ಸೇರಿದವಳು. ಊಟ ಮಾತ್ರ ಕೆಳಗೆ, ಎಲ್ಲರ ಜೊತೆ, ನೆಲಕ್ಕೆ ಹಾಸಿದ ಒಂದೇ ಊಟದ ಬಟ್ಟೆಯ ಸುತ್ತ.

ಗೋಲ್ನೂಶ್ ಮೆಚ್ಚಿದ ಹುಡುಗ ಅರ್ಸಲಾನ್, ಉತ್ತರದ ಕಡಲತೀರದವನು, ತುನೆಕಾಬೂನಿನವನು. ಇಲ್ಲಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಪರಿಚಯ. ನಾಲ್ಕು ವರ್ಷ ಕಾದು, ಎರಡು ಮನೆಯವರ ಮೂಗುಮುರಿತವನ್ನೆಲ್ಲ ಸಹಿಸಿ, ಕೊನೆಗೆ ಬೇಸಿಗೆಯ ಕಡೆಯ ಶಹ್ರಿವರ್ ತಿಂಗಳ ಒಂದು ಗುರುವಾರ ಮದುವೆ ಮಾತು ಗಟ್ಟಿಯಾಯಿತು. ಹುಡುಗನ ತಂದೆ ಹಾಜಿ ಇಬಾದಿ ಅಕ್ಕಿ, ಹೊಗೆ ಹಾಕಿದ ಮೀನು, ಬೆಳ್ಳುಳ್ಳಿ ಉಪ್ಪಿನಕಾಯಿ ಎಲ್ಲ ಹೊತ್ತು ತಂದಿದ್ದರು. ದಪ್ಪ ಎಂದರೆ ದಪ್ಪ ಮನುಷ್ಯ. ಸೋಫಾದಲ್ಲಿ ಅವರು ಕೂತರೆ ಪಕ್ಕದಲ್ಲಿ ಹೆಂಡತಿ ತೂರಾನ್ ಖಾನುಮ್ ಅದರ ತೋಳಿನ ಮೇಲೆ ಕೂರಬೇಕಾಗಿತ್ತು. ಅವರ ನಗುವೂ ಹಾಗೇ ದೊಡ್ಡದು. ಗೋಲ್ನೂಶ್ ತಂದ ಚಹಾವನ್ನು ಎರಡು ಲೋಟ ಕುಡಿದು "ಈ ಚಹಾಕ್ಕೆ ನನ್ನ ತೋಟ ಬರೆದುಕೊಟ್ಟೆ ಕಣಮ್ಮ" ಎಂದರು. ನನಗೂ ಮನುಷ್ಯ ಹಿಡಿಸಿದರು.

ಅಂದು ರಾತ್ರಿ ಊಟಕ್ಕೆ ಕೂತಾಗ ಇರಜ್ ಶುರು ಹಚ್ಚಿಕೊಂಡ.

"ಹಾಜಿ ಆಘಾ, ನಾಳೆ ನಿಮ್ಮನ್ನ ನಾನೇ ಊರಿಗೆ ಬಿಟ್ಟು ಬರ್ತೀನಿ. ಬೆಟ್ಟ ದಾಟಿದ್ರೆ ಸಮುದ್ರ. ಆ ಮಂಜೀಲ್ ದಾರೀಲಿ ಯಾಕೆ ಒದ್ದಾಡ್ತೀರಿ?"

"ಛೆ ಛೆ, ನಿಮಗ್ಯಾಕೆ ತೊಂದ್ರೆ, ಇರಜ್ ಖಾನ್. ಕಾರಿದೆ, ಡ್ರೈವರ್ ಇದಾನೆ."

"ತೊಂದ್ರೆ ಏನ್ ಬಂತು? ನನ್ನ ಕಣ್ಣ ಮೇಲೆ ಬನ್ನಿ."

"ನಿಮ್ಮ ಕಣ್ಣಿಗೆ ನೋವಾಗದೆ ಇರ್ಲಿ. ಕಾರೇ ಸಾಕು."

"ನೀವು ಬರಲ್ಲ ಅಂದ್ರೆ ನಮ್ಮನ್ನ ಇನ್ನೂ ಬೇರೆಯವರು ಅಂತ್ಲೇ ಅಂದ್ಕೊಂಡಿದೀರಿ ಅಂತಾಯ್ತು."

ಅಲ್ಲಿಗೆ ಹಾಜಿಯ ಬಾಯಿ ಕಟ್ಟಿತು. ಬೇರೆಯವರು ಎಂದು ಯಾರು ತಾನೇ ಒಪ್ಪಿಕೊಳ್ಳುತ್ತಾರೆ? ತೂರಾನ್ ಖಾನುಮ್‌ಗೆ ವಿಮಾನವೆಂದರೆ ಜೀವ ಹೋಗುವಷ್ಟು ಭಯ, ಅವರು ಕಾರಿನಲ್ಲೇ ಹೋಗುವುದು, ತಂದೆ ಮಗ ವಿಮಾನದಲ್ಲಿ ಎಂದು ತೀರ್ಮಾನವಾಯಿತು.

ಹೊರಡಬೇಕಾಗಿದ್ದು ಬೆಳಗಿನ ತಂಪಿನಲ್ಲಿ. ಬೀಬಿ ಬಿಡಲಿಲ್ಲ. "ಬೀಗರು ಮಧ್ಯಾಹ್ನದ ಊಟ ಮಾಡ್ದೆ ಹೊಸಲು ದಾಟಿ ಹೋದ್ರೆ ಬೀದಿಯವರು ನನ್ನ ಮುಖಕ್ಕೆ ಉಗೀತಾರೆ" ಎಂದು ಅಡುಗೆಮನೆಯಲ್ಲಿ ಕೂತೇ ಬಿಟ್ಟಳು. ಅವಳ ಕಣ್ಗಾವಲಿನಲ್ಲಿ ಮಹೀನ್ ಮಾಂಸ ಬೇಯಿಸಿ, ಬಾದಾಮಿ, ಪಿಸ್ತಾ, ಕಿತ್ತಳೆ ಸಿಪ್ಪೆ ಸೀಳಿ, ಕೇಸರಿ ಅನ್ನದ ಮೇಲೆ ಹರಡುವಷ್ಟರಲ್ಲಿ ಮಧ್ಯಾಹ್ನ. ಹಾಜಿ ಎರಡು ಸಲ ಬಡಿಸಿಕೊಂಡರು, ಮೂರನೆಯದು ಬೀಬಿ ಬಲವಂತಕ್ಕೆ. ಇರಜ್ ಮಾತ್ರ ಕಿಟಕಿಯಾಚೆಯ ಬಿಸಿಲು ನೋಡುತ್ತ ಊಟವನ್ನು ಕೆದಕುತ್ತಿದ್ದ.

ತೂರಾನ್ ಖಾನುಮ್ ಕಾರು ಮುಂದೆ ಹೋಯಿತು. ಅದರ ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು.

ನಾನು, ಮಹೀನ್, ಗೋಲ್ನೂಶ್ ಮೈದಾನದವರೆಗೂ ಕಳಿಸಿಕೊಡಲು ಹೋದೆವು. ನಮ್ಮ ಕಾರಿನ ಡಿಕ್ಕಿಯಲ್ಲಿ ಬೀಬಿ ತನ್ನ ತೋಟದ ದ್ರಾಕ್ಷಿ ಪೆಟ್ಟಿಗೆಗಳನ್ನು ತುಂಬಿಸಿ ಕಳಿಸಿದ್ದಳು, ಜೊತೆಗೆ ಒಣದ್ರಾಕ್ಷಿಯ ಒಂದು ಮೂಟೆ. ಅಷ್ಟು ತಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಅರ್ಸಲಾನ್ ಒಂದೊಂದೇ ಪೆಟ್ಟಿಗೆ ಎತ್ತಿ ಹಿಂದಿನ ಸೀಟಿನಲ್ಲಿ ಇಟ್ಟ. ಇರಜ್ ರೆಕ್ಕೆಯ ಕೆಳಗೆ ನಿಂತು ಪೆಟ್ಟಿಗೆಗಳನ್ನು ನೋಡಿದ, ಹಾಜಿಯನ್ನು ನೋಡಿದ, ಆಮೇಲೆ ಬಿಸಿಲಿಗೆ ಕಾಯ್ದ ನೆಲವನ್ನು ನೋಡಿದ.

"ಇಷ್ಟೆಲ್ಲ ಹಿಡಿಯುತ್ತೇನೋ?" ಎಂದು ನಾನು ಮೆಲ್ಲಗೆ ಕೇಳಿದೆ.

"ಹಿಡಿಯುತ್ತೆ. ಸುಮ್ನಿರು ಅಕ್ಕ, ಅವರಿಗೆ ಕೇಳಿಸುತ್ತೆ."

ಹಾಜಿ ಹತ್ತಿದಾಗ ವಿಮಾನ ಒಂದು ಕಡೆಗೆ ವಾಲಿತು. ಅವರೇ ನಕ್ಕರು, ನಾವೂ ನಕ್ಕೆವು. ಹೋದವರು ಕ್ಷೇಮವಾಗಿ ಬರಲೆಂದು ಮಹೀನ್ ಅವರ ಹಿಂದೆ ಚೆಲ್ಲಲು ಬಟ್ಟಲಿನ ನೀರು ಹಿಡಿದು ನಿಂತಳು. ವಿಮಾನ ಓಡಿತು. ಓಡುತ್ತಲೇ ಹೋಯಿತು. ದಿನಾ ಏಳುತ್ತಿದ್ದ ಜಾಗ ದಾಟಿತು, ಗಾಳಿಯ ದಿಕ್ಕು ತೋರುವ ಬಟ್ಟೆಚೀಲದ ಕಂಬ ದಾಟಿತು. ತುದಿಯಲ್ಲಿ ಒಮ್ಮೆ ಎದ್ದಿತು, ನಾನು ಉಸಿರು ಬಿಟ್ಟೆ. ಆದರೆ ಅದು ಮೇಲೆ ಹೋಗಲಿಲ್ಲ, ಅಷ್ಟರಲ್ಲೇ ತೇಲಿ, ಮತ್ತೆ ಕುಸಿದು, ಪಕ್ಕದ ದ್ರಾಕ್ಷಿ ತೋಟದ ಮಣ್ಣಿನ ಗೋಡೆಗೆ ಚಕ್ರ ಬಡಿದು ಮಗುಚಿಕೊಂಡಿತು. ಗೋಲ್ನೂಶ್ ಚಪ್ಪಲಿ ಕಳಚಿ ಓಡಿದಳು. ಮಹೀನ್ ಇನ್ನೂ ನೀರು ಚೆಲ್ಲಿ ಮುಗಿಸಿರಲಿಲ್ಲ.

ಹಾಜಿ ಅಲ್ಲೇ ತೀರಿಹೋಗಿದ್ದರು. ಅರ್ಸಲಾನ್‌ಗೆ ಭುಜದ ಮೂಳೆ ಮುರಿದಿತ್ತು. ಇರಜ್‌ಗೆ ಎರಡು ಕಾಲೂ.

*

ಆಸ್ಪತ್ರೆಯಿಂದ ಇರಜ್‌ನನ್ನು ಮನೆಗೆ ತಂದು ಹಜಾರದಲ್ಲಿ ಮಂಚ ಹಾಕಿ ಮಲಗಿಸಿದೆವು. ಆಮೇಲೆ ಮನೆಯಲ್ಲಿ ಪ್ರತಿ ಊಟವೂ ಜಗಳದ ಊಟ.

"ಬೆಳಿಗ್ಗೆ ಹೊರಟಿದ್ರೆ ಇದಾಗ್ತಿತ್ತಾ?" ಮಹೀನ್ ಬೀಬಿಯ ತಟ್ಟೆಗೆ ಅನ್ನ ಹಾಕುತ್ತ ಹೇಳುವಳು. ಬಡಿಸುವ ಕೈ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. "ಊಟ, ಊಟ, ಊಟ. ಊಟ ಹಾಕಿ ಸಾಯಿಸಿದ್ವಿ."

"ನನ್ನ ಮೇಲೆ ಹಾಕ್ಬೇಡ. ಅಡುಗೆಗೆ ಅಷ್ಟು ಹೊತ್ತು ಮಾಡಿದ್ದು ಯಾರು? ಕಿತ್ತಳೆ ಸಿಪ್ಪೆ ಸೀಳೋಕೆ ಒಂದು ಗಂಟೆ."

"ನೀವೇ ತಾನೇ ಕೂದಲಷ್ಟು ಸಣ್ಣಗಿರ್ಬೇಕು ಅಂದಿದ್ದು?"

"ದ್ರಾಕ್ಷಿ ಕಳಿಸಿ ಕೊಂದಿದ್ದೂ ನಾನೇ ಅನ್ನು. ಹಾರಿಸಿದ್ದು ಮಾತ್ರ ನನ್ನ ಮಗ ಅಲ್ಲ, ನಾನೇ ಅನ್ನು."

ಮಂಚದ ಮೇಲಿನಿಂದ ಇರಜ್ "ಸಾಕು" ಎನ್ನುವನು. ಆಗ ಇಬ್ಬರೂ ಅವನ ಮೇಲೆ ತಿರುಗಿಬೀಳುವರು.

ಒಂದು ದಿನ ಗೋಲ್ನೂಶ್ ತಟ್ಟೆ ಸರಿಸಿ ನೇರವಾಗಿ ಕೇಳಿದಳು. "ಬಾಬಾ, ಇಂಜಿನ್ ಕೆಟ್ಟಿತ್ತಾ?"

"ಇಲ್ಲ."

"ಮತ್ತೆ?"

"ಬಿಸಿಲಿಗೆ ಗಾಳಿ ತೆಳ್ಳಗಾಗುತ್ತೆ. ನಮ್ಮೂರೇ ಎತ್ತರದಲ್ಲಿದೆ. ಭಾರ ಹೆಚ್ಚಾಗಿತ್ತು."

"ನಿನಗೆ ಗೊತ್ತಿತ್ತಾ?"

ಮಹೀನ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಹತ್ತೋ ಮೊದ್ಲು ಒಬ್ಬೊಬ್ಬರ ತೂಕ ಕೇಳಿ ಲೆಕ್ಕ ಹಾಕ್ಬೇಕು" ಎಂದ ಇರಜ್. "ಯಾವಾಗ್ಲೂ ಕೇಳ್ತೀನಿ. ಅವತ್ತು ಕೇಳ್ಲಿಲ್ಲ. ಅಂದಾಜಲ್ಲಿ ನೂರು ಅಂತ ಹಾಕ್ಕೊಂಡೆ."

"ಅವರು ನೂರಾ? ಎರಡು ಜನ ಇದ್ದ ಹಾಗಿದ್ರಲ್ಲ" ಎಂದಳು ಮಹೀನ್.

"ಗೊತ್ತು."

"ಕೇಳ್ಬೇಕಿತ್ತು. ಬಾಯಿ ಇರ್ಲಿಲ್ವಾ?"

"ಹೇಗ್ ಕೇಳೋದು?" ಎಂದು ಅವನು ಮೊದಲ ಸಲ ಗಂಟಲು ಎತ್ತಿದ. "ನಿನ್ನೆ ರಾತ್ರಿ ಮಗಳ ಮಾತು ಮುಗಿದಿದೆ. ಇವತ್ತು ಬೀಗರನ್ನ ನಿಲ್ಲಿಸ್ಕೊಂಡು, ಹಾಜಿ ಆಘಾ, ನೀವು ಎಷ್ಟು ಕೇಜಿ ಅಂತ ಕೇಳ್ಲಾ? ಅವರ ಮಗ ನಗ್ತಾ ಎತ್ತಿಡ್ತಿದ್ದ ಪೆಟ್ಟಿಗೆ ಕೆಳಗಿಳಿಸು ಅನ್ಲಾ? ಟ್ಯಾಂಕಿನ ಎಣ್ಣೆ ಅರ್ಧ ಖಾಲಿ ಮಾಡಿದ್ರೂ ಸಾಕಿತ್ತು. ಆದ್ರೆ ಯಾಕೆ ಅಂತ ಕೇಳಿದ್ರೆ ಏನ್ ಹೇಳ್ಲಿ? ನೀವು ದಪ್ಪ ಅಂತ್ಲಾ?"

"ಯಾರೂ ಕೇಳ್ತಿರ್ಲಿಲ್ಲ" ಎಂದಳು ಬೀಬಿ. "ಮನುಷ್ಯರಾದವರು ಕೇಳಲ್ಲ."

ಗೋಲ್ನೂಶ್‌ಗೆ ನಗು ಬಂದುಬಿಟ್ಟಿತು. ಎಂಥ ನಗು ಎಂದರೆ ನೋಡಲಾಗದ ನಗು. ಮಹೀನ್ ಎದ್ದು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಇರಜ್ ಗೋಡೆಯ ಕಡೆ ತಿರುಗಿ ಮಲಗಿದ.

ಸರ್ಕಾರದ ಕಡೆಯ ತನಿಖೆಯವರು ಬಂದಾಗ ಅವನು ಎಲ್ಲವನ್ನೂ ಇದ್ದ ಹಾಗೇ ಹೇಳಿದ. ಅವರೇನು ನಮ್ಮ ಊಟದ ಬಟ್ಟೆಯ ಸುತ್ತ ಕೂರುವವರಲ್ಲವಲ್ಲ, ಅವರ ಮುಂದೆ ಯಾವ ದಾಕ್ಷಿಣ್ಯ? ವರದಿ ಬರಲು ವರ್ಷವಾದರೂ ಬೇಕು ಎಂದು ಹೋದರು. ಅವರು ಬಾಗಿಲು ದಾಟಿದ್ದೇ ತಡ, ಗೋಲ್ನೂಶ್ ಮಂಚದ ಪಕ್ಕ ಕೂತಳು.

"ಬಾಬಾ, ಅರ್ಸಲಾನ್ ಬಂದು ಕೇಳಿದ್ರೆ ಇಂಜಿನ್ ಅನ್ನು."

"ಗೋಲ್ನೂಶ್ ಜಾನ್."

"ಇಂಜಿನ್ ಅಂದ್ರೆ ಅದು ವಿಧಿ. ಭಾರ ಅಂದ್ರೆ ನೀನು. ವಿಧಿ ಕೊಂದಿದ್ರೆ ನನ್ನನ್ನ ಮದುವೆ ಆಗ್ಬಹುದು. ಅಪ್ಪನ ಕೊಂದವನ ಮಗಳನ್ನ ಹೇಗೆ ಆಗ್ತಾನೆ? ನಾನು ನಿನ್ನ ಹತ್ರ ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ. ಇದೊಂದು."

ಅವನು ಹೂಂ ಎಂದ. ಮಗಳಿಗೂ ಅವನು ಆಗಲ್ಲ ಎಂದವನಲ್ಲ.

*

ಹಾಜಿ ತೀರಿಕೊಂಡ ಏಳನೆಯ ದಿನಕ್ಕೆ, ಬೀಬಿಯನ್ನು ಇರಜ್ ಬಳಿ ಬಿಟ್ಟು, ನಾವು ಮೂವರು ಹೆಂಗಸರು ತುನೆಕಾಬೂನಿಗೆ ಹೋದೆವು. ಹೋಗುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಬಾಗಿಲಲ್ಲೇ ಬೈದು ಅಟ್ಟಿದರೆ? ಅಟ್ಟಿದ್ದರೆ ಒಳ್ಳೆಯದಿತ್ತೋ ಏನೋ. ತೂರಾನ್ ಖಾನುಮ್ ಕಪ್ಪು ಬಟ್ಟೆಯಲ್ಲಿ ಎದ್ದು ಬಂದು, ಅಷ್ಟು ಜನರ ಎದುರಿಗೆ ಗೋಲ್ನೂಶ್‌ಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಬಾ ಮಗಳೇ, ನಿನ್ನನ್ನ ಆರಿಸಿಯೇ ಹೋದ್ರು" ಎಂದರು. ನಮ್ಮನ್ನು ಒಳಕೋಣೆಯಲ್ಲಿ ಕೂರಿಸಿದರು. ಖರ್ಜೂರ, ಹಲ್ವಾ, ಚಹಾ ನಮ್ಮ ಮುಂದೆಯೇ ಮೊದಲು ಬಂತು. ಪೊಲೀಸರ ಮುಂದೆಯೂ ‘ನಮ್ಮ ದೂರಿಲ್ಲ’ ಎಂದು ಹೇಳಿ ಬಂದಿದ್ದರು.

ಹಿಂದಿರುಗುವಾಗ ಮಹೀನ್ ಮುಖ ಅರಳಿತ್ತು. "ನೋಡಿದ್ರಾ? ಎಂಥ ದೊಡ್ಡ ಮನಸ್ಸು. ಒಂದು ಮಾತು ಆಡ್ಲಿಲ್ಲ."

"ಮನೆಗೆ ಬಂದವರಿಗೆ ಯಾರು ಆಡ್ತಾರೆ?" ಎಂದೆ.

"ನಿಮಗೆ ಯಾವಾಗ್ಲೂ ಕೊಂಕೇ, ಫರಂಗೀಸ್ ಖಾನುಮ್. ಮಗಳೇ ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನನಗೂ ತಂಗಿ ಅಂದ್ರು. ಡ್ರೈವರ್‌ಗೂ ಮಗನೇ ಅಂದ್ರು."

ಗೋಲ್ನೂಶ್ ಹಿಂದಿನ ಸೀಟಿನಿಂದ "ಅತ್ತೆ, ಬಿಡಿ" ಎಂದಳು. ಬಿಟ್ಟೆ.

ಅರ್ಸಲಾನ್ ಎರಡು ವಾರ ಬಿಟ್ಟು ಬಂದ. ಕೈಯನ್ನು ಕೊರಳಿಗೆ ಕಟ್ಟಿದ್ದರು, ಗಡ್ಡ ಬಿಟ್ಟಿದ್ದ. ಒಂದೇ ಕೈಯಲ್ಲಿ ಸಿಹಿ ಡಬ್ಬಿ ಹಿಡಿದುಕೊಂಡು ಬಂದು ಇರಜ್‌ನ ಹಣೆಗೆ ಮುತ್ತು ಕೊಟ್ಟ. ಮಹೀನ್ ಮೂರು ಬಗೆಯ ಅಡುಗೆ ಮಾಡಿದ್ದಳು. ಊಟದ ನಡುವೆ ಅವನು, ತಲೆ ಎತ್ತದೆ, "ಇರಜ್ ಖಾನ್, ಅವತ್ತು ಏನಾಯ್ತು?" ಎಂದ.

ಗೋಲ್ನೂಶ್ ಅಪ್ಪನ ಕಡೆ ನೋಡಿದಳು.

"ಇಂಜಿನ್" ಎಂದ ಇರಜ್. "ತುದಿಯಲ್ಲಿ ಶಕ್ತಿ ಬಿಟ್ಟುಕೊಡ್ತು."

"ಹಾಗೋ" ಎಂದ ಹುಡುಗ. "ಹಾಗಾದ್ರೆ ದೇವರ ಇಷ್ಟ." ಮತ್ತೆ ಊಟಕ್ಕೆ ಕೈ ಹಾಕಿದ. ಗೋಲ್ನೂಶ್ ಅವನ ತಟ್ಟೆಗೆ ತಳದ ಗರಿಗರಿ ಅನ್ನವನ್ನೆಲ್ಲ ಕಿತ್ತು ಹಾಕಿದಳು, ನಮಗೆ ಯಾರಿಗೂ ಉಳಿಸಲಿಲ್ಲ. ಮಹೀನ್ ಅಡುಗೆಮನೆಗೆ ಹೋಗಿ ಅತ್ತಳು. ಅವಳ ಪಾಲಿಗೆ ಅದು ಖುಷಿಯ ಅಳು.

ಅಲ್ಲಿಂದ ಅವನು ಪ್ರತಿ ಶುಕ್ರವಾರ ಬರತೊಡಗಿದ. ಮಗನ ಹಾಗೆ ಇರಜ್‌ನನ್ನು ಒಂದೇ ಕೈಯಲ್ಲಿ ಒರಗಿಸಿ ಕೂರಿಸುವುದು, ಗಡ್ಡ ಹೆರೆಯುವುದು, ಗಾಲಿಕುರ್ಚಿ ತಳ್ಳಿಕೊಂಡು ಬಚ್ಚಲಿಗೆ ಕರೆದೊಯ್ಯುವುದು. ಗೋಲ್ನೂಶ್ ಜೊತೆ ಮಾತ್ರ ಮಾತು ಕಡಿಮೆ. "ದುಃಖದಲ್ಲಿದಾನೆ" ಎನ್ನುತ್ತಿದ್ದಳು ಮಹೀನ್. ಸಾವಿನ ನಲವತ್ತನೆಯ ದಿನ ಕಳೆದ ಮೇಲೆ, ಹಾಡು ಕುಣಿತವಿಲ್ಲದೆ, ಸದ್ದಿಲ್ಲದೆ ನಿಕಾಹ್ ಮಾಡಿಬಿಡೋಣ ಎಂದು ತೂರಾನ್ ಖಾನುಮ್ ಕಡೆಯಿಂದ ಫೋನೂ ಬಂತು. ಮಹೀನ್ ಪೇಟೆಗೆ ಹೋಗಿ ಮದುವೆಯ ಕನ್ನಡಿ, ಮೇಣದಬತ್ತಿಯ ಕಂಬಗಳನ್ನು ಆರಿಸಿ ಇಟ್ಟು ಬಂದಳು. ಬೀಬಿಗೆ ಸಿಟ್ಟು ಬಂತು.

"ಹೆಣ ಇನ್ನೂ ತಣ್ಣಗಾಗಿಲ್ಲ, ಕನ್ನಡಿ ಬೇಕಾ ನಿನಗೆ?"

"ನನಗಲ್ಲ, ನಿಮ್ಮ ಮೊಮ್ಮಗಳಿಗೆ. ಅವರೇ ಕೇಳ್ತಿದಾರೆ. ಬೇಡ ಅನ್ಲಾ?"

"ಅವರು ಕೇಳ್ತಾರೆ. ಸತ್ತವರು ಮಾತು ಕೊಟ್ಟು ಹೋಗಿದಾರೆ, ಕೇಳ್ದೆ ಏನ್ ಮಾಡ್ತಾರೆ?"

"ಹಾಗಂತ ಅವರು ಅಂದ್ರಾ?"

"ಅನ್ನೋದಿಲ್ಲ. ಅದಕ್ಕೇ ಹೇಳ್ತಿದೀನಿ."

ನನ್ನ ಮುದಿ ತಾಯಿಗೆ ಕೆಲವು ಸಲ ಎಲ್ಲರಿಗಿಂತ ಹೆಚ್ಚು ಕಾಣಿಸುತ್ತದೆ, ಆದರೆ ಅವಳ ಮಾತಿಗೆ ಮನೆಯಲ್ಲಿ ಬೆಲೆ ಹೋಗಿತ್ತು. ದ್ರಾಕ್ಷಿ ಕಳಿಸಿದವಳು ಎಂದು ಮಹೀನ್ ಅವಳ ಬಾಯಿ ಮುಚ್ಚಿಸುತ್ತಿದ್ದಳು. ಆ ವರ್ಷ ಬೀಬಿ ತೋಟದ ಉಳಿದ ಹಣ್ಣನ್ನು ಕೊಯ್ಯಿಸಲೇ ಇಲ್ಲ.

ಇರಜ್ ತೆಳ್ಳಗಾಗುತ್ತ ಬಂದ. ಶುಕ್ರವಾರ ಹತ್ತಿರವಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಒಂದು ಶುಕ್ರವಾರ ಮಹೀನ್ ಮತ್ತು ಗೋಲ್ನೂಶ್ ಹೊಲಿಗೆಯವಳ ಹತ್ತಿರ ಹೋಗಿದ್ದರು. ನಾನು ಹಜಾರದಲ್ಲೇ ಕೂತು ಅವರೆಕಾಳು ಆರಿಸುತ್ತಿದ್ದೆ. ಅರ್ಸಲಾನ್ ಸೋಪು ಹಚ್ಚಿ ಗಡ್ಡ ಹೆರೆಯುತ್ತಿದ್ದ.

"ಬಿಡು ಮಗನೇ" ಎಂದ ಇರಜ್. "ಕತ್ತಿ ಕೆಳಗಿಡು. ಇಂಜಿನ್ ಸರಿಯಾಗೇ ಇತ್ತು. ಭಾರ ಜಾಸ್ತಿ ಇತ್ತು. ನನಗೆ ಗೊತ್ತಿತ್ತು. ನಿಮ್ಮ ತಂದೆಯ ತೂಕ ಕೇಳೋಕೆ ನನಗೆ ನಾಚಿಕೆ ಆಯ್ತು. ಕೇಳ್ಲಿಲ್ಲ."

ನನ್ನ ಕೈಯ ಕಾಳು ಕೈಯಲ್ಲೇ ಉಳಿಯಿತು. ಹುಡುಗ ಕೂಗಾಡುತ್ತಾನೆ, ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಕತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸಿ ಪಕ್ಕಕ್ಕಿಟ್ಟ.

"ಗೊತ್ತು, ಇರಜ್ ಖಾನ್. ನಾನು ಹಿಂದೆ ಕೂತಿದ್ದೆ. ಇಂಜಿನ್ ಕೊನೇವರೆಗೂ ಕೂಗ್ತಿತ್ತು."

"ಮತ್ತೆ ಅವತ್ತು ದೇವರ ಇಷ್ಟ ಅಂದೆ?"

"ನಿಮ್ಮ ಮನೇಲಿ ಕೂತು, ನಿಮ್ಮ ಅನ್ನ ತಿಂತಾ, ನೀವು ಸುಳ್ಳು ಹೇಳ್ತಿದೀರಿ ಅಂತ ಹೇಗ್ ಹೇಳ್ಲಿ?"

ಇರಜ್ ಸೋಪು ಮೆತ್ತಿದ ಮುಖದಲ್ಲಿ ಅವನನ್ನೇ ನೋಡಿದ.

"ಅಷ್ಟೇ ಅಲ್ಲ" ಎಂದ ಹುಡುಗ. "ಊಟ ಆದ್ಮೇಲೆ ಕೈ ತೊಳೀತಾ ಬಾಬಾ ನನಗೆ ಹೇಳಿದ್ರು. ಆ ಗುಬ್ಬಿ ವಿಮಾನ ನನ್ನನ್ನ ಹೊರಲ್ಲ ಕಣೋ, ಹೊಟ್ಟೆ ಬೇರೆ ತುಂಬಿದೆ, ಅಮ್ಮನ ಜೊತೆ ಕಾರಲ್ಲೇ ಹೋಗ್ತೀನಿ, ನೀನೇ ಏನಾದ್ರೂ ನೆವ ಹೇಳು ಅಂದ್ರು. ನಾನು, ಬೇಡ ಬಾಬಾ, ಅವರು ಬೇಜಾರ್ ಮಾಡ್ಕೋತಾರೆ ಅಂದೆ. ನೀವು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ಆಮೇಲೆ ಅವನು ಉಳಿದರ್ಧ ಗಡ್ಡವನ್ನೂ ಹೆರೆದು, ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದ. ಇಬ್ಬರೂ ಅಳಲಿಲ್ಲ. ಗೋಲ್ನೂಶ್ ಬಂದಾಗ "ಬಟ್ಟೆ ಚೆನ್ನಾಗಿ ಬಂತಾ?" ಎಂದು ಕೇಳಿದ, ಅವಳ ಮುಖ ನೋಡದೆ. ನನಗೆ ಆಗಲೇ ಅರ್ಥವಾಗಬೇಕಿತ್ತು.

*

ನಲವತ್ತನೆಯ ದಿನಕ್ಕೆ ಮತ್ತೆ ತುನೆಕಾಬೂನಿಗೆ ಹೋದೆವು. ಕಡಲ ಕಡೆ ಮಳೆ ಹಿಡಿದಿತ್ತು. ಗೋರಿಯ ಹತ್ತಿರ ಗುಲಾಬಿ ನೀರು ಚಿಮುಕಿಸಿ, ಫಾತಿಹಾ ಓದಿ, ಮನೆಗೆ ಬಂದು ಊಟವಾಯಿತು. ಊಟದ ಕೊನೆಗೆ ತೂರಾನ್ ಖಾನುಮ್ ಎಲ್ಲರಿಗೂ ಕೇಳುವ ಹಾಗೆ "ಮಹೀನ್ ಜಾನ್, ಇನ್ನು ತಡ ಮಾಡೋದು ಬೇಡ. ದಿನ ನೀವೇ ಹೇಳಿ" ಎಂದರು. ಮಹೀನ್ "ನೀವು ಹೇಗೆ ಹೇಳ್ತೀರೋ ಹಾಗೆ" ಎಂದಳು. ಮುಂದಿನ ತಿಂಗಳ ಒಂದು ಗುರುವಾರ ಎಂದಾಯಿತು. ಗೋಲ್ನೂಶ್ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿದ್ದನ್ನು ನಾನು ಕಂಡೆ. ಎಷ್ಟು ದಿನದ ಮೇಲೆ ಆ ಮುಖದಲ್ಲಿ ರಕ್ತ.

ನಾನು ಚಹಾ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ತೂರಾನ್ ಖಾನುಮ್ ಹಿಂದೆಯೇ ಬಂದು ನನ್ನ ಕೈಯಿಂದ ತಟ್ಟೆ ಕಸಿದುಕೊಂಡರು. "ನೀವು ಬಿಡಿ, ಅತಿಥಿಗಳು" ಎಂದರು. ನಾನು ಬಿಡಲಿಲ್ಲ. ಇಬ್ಬರೂ ತೊಟ್ಟಿಯ ಮುಂದೆ ನಿಂತು ಲೋಟ ತೊಳೆಯತೊಡಗಿದೆವು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತುಹೋಯಿತು. ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು.

"ಫರಂಗೀಸ್ ಖಾನುಮ್, ನೀವೂ ಗಂಡನ್ನ ಕಳ್ಕೊಂಡವರು. ನಿಮಗಾದ್ರೂ ಹೇಳ್ತೀನಿ. ಆ ಹುಡುಗಿ ಒಳ್ಳೆಯವಳು, ಹೂವಿನಂಥವಳು. ಆದ್ರೆ ಅವಳು ನನ್ನ ಮನೇಲಿ ಚಹಾ ತಂದಿಟ್ಟಾಗೆಲ್ಲ ನನಗೆ ಏನ್ ಕಾಣುತ್ತೆ ಗೊತ್ತಾ? ಮಂಜೀಲ್ ಹತ್ರ ಕಾರು ನಿಲ್ಸಿದ್ರು. ಅಲ್ಲಿ ಫೋನ್ ಬಂತು. ಹಿಂದಿನ ಸೀಟಲ್ಲಿ ಅವರ ಟೋಪಿ ಇತ್ತು, ಮರೆತು ಬಿಟ್ಟು ಹೋಗಿದ್ರು. ಅದು ಕಾಣುತ್ತೆ."

"ಹಾಗಿದ್ರೆ ಯಾಕೆ ಒಪ್ಕೋತಿದೀರಿ?"

"ನಾನು ಹೇಗೆ ಬೇಡ ಅನ್ಲಿ? ಅವರು ಮಾತು ಕೊಟ್ಟಿದಾರೆ, ಕೊನೇ ಮಾತು ಅದು. ನನ್ನ ಮಗ ರಾತ್ರಿ ನಿದ್ದೆ ಮಾಡಲ್ಲ. ಅಮ್ಮ, ನಾವು ಮುರಿದ್ರೆ ಸೇಡು ತೀರಿಸ್ಕೊಂಡ ಹಾಗೆ, ಅವಳ ಹೆಸರು ಕೆಡುತ್ತೆ ಅಂತಾನೆ. ನಾನು ನಮಾಜಿಗೆ ಕೂತಾಗೆಲ್ಲ ಒಂದೇ ಬೇಡ್ಕೊಳ್ಳೋದು. ನಿಮ್ಮ ಕಡೆಯಿಂದ ಒಂದು ‘ಬೇಡ’ ಬರ್ಲಿ ಅಂತ. ನೀವು ಬೇಡ ಅಂದ್ರೆ ನಾವೆಲ್ಲ ಉಸಿರಾಡ್ತೀವಿ."

ಹೊರಗಿನಿಂದ ಯಾರೋ ಕರೆದರು. ಅವರು ಕಣ್ಣೊರೆಸಿಕೊಂಡು, ಸಕ್ಕರೆ ಬಟ್ಟಲು ಹಿಡಿದುಕೊಂಡು, ನಗುಮುಖ ಮಾಡಿಕೊಂಡು ಹೊರಗೆ ಹೋದರು.

ಮನೆಗೆ ಬಂದು ಎರಡು ದಿನ ನಾನು ಮಾತನ್ನು ನುಂಗಿಕೊಂಡೇ ಇದ್ದೆ. ಮಹೀನ್ ಪಿಂಗಾಣಿ ಎಣಿಸುತ್ತಿದ್ದಳು. ಗೋಲ್ನೂಶ್ ಕೆಲಸದಿಂದ ಬಂದು ಹಾಡು ಗುನುಗುತ್ತ ಹೊಸ ಪರದೆ ಹೊಲಿಯುತ್ತಿದ್ದಳು. ಮೂಗು ತೂರಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಏನಾಯಿತು ಎಂದು ಕಂಡಿದ್ದೆನಲ್ಲ. ಮೂರನೆಯ ದಿನ ಅವಳನ್ನು ಮೇಲೆ ಕರೆದು ಎಲ್ಲ ಹೇಳಿದೆ. ಗಡ್ಡ ಹೆರೆದ ದಿನದ ಮಾತನ್ನೂ, ಅಡುಗೆಮನೆಯ ಮಾತನ್ನೂ.

ಅವಳು "ಸುಳ್ಳು" ಎಂದಳು.

"ನನ್ನ ಕಿವಿಯಾರೆ ಕೇಳಿದ್ದು."

"ನೀವು ಯಾವತ್ತೂ ಅವನನ್ನ ಒಪ್ಪಲೇ ಇಲ್ಲ."

"ಒಪ್ಪಿದೀನಿ ಮಗಳೇ. ಅದಕ್ಕೇ ಹೇಳ್ತಿರೋದು."

"ನನಗೆ ಅವನು ಬೇಕು, ಅತ್ತೆ. ಎಲ್ಲರಿಗೂ ಏನೇನೋ ಆಗಿದೆ, ಗೊತ್ತು. ಆದ್ರೆ ನನಗೆ ಅವನು ಬೇಕು. ಅದರಲ್ಲಿ ನನ್ನ ತಪ್ಪೇನು?"

ತಪ್ಪು ಅವಳದಲ್ಲ. ಅವಳೊಬ್ಬಳದೇ ಅಲ್ಲ. ಅವಳ ಕೈ ಹಿಡಿಯಲು ಹೋದೆ, ಬಿಡಿಸಿಕೊಂಡು ಕೆಳಗೆ ಹೋದಳು.

ಮರುದಿನ ರಜೆ. ನಾವೆಲ್ಲ ಹಜಾರದಲ್ಲಿ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದೆವು. ಮೆಂತ್ಯ, ಕೊತ್ತಂಬರಿ, ಈರುಳ್ಳಿ ಸೊಪ್ಪು, ದೊಡ್ಡ ರಾಶಿ. ಇರಜ್ ಮಂಚದಲ್ಲಿ ಒರಗಿದ್ದ. ಗೋಲ್ನೂಶ್ ಮಣ್ಣು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನ್ ತೆಗೆದಳು. ಯಾರಿಗೆ ಎಂದು ಮಹೀನ್ ಕೇಳುವ ಮೊದಲೇ ಅತ್ತ ಕಡೆ ಎತ್ತಿದ್ದ.

"ಅರ್ಸಲಾನ್, ನಾನು. ಹಾಂ, ಚೆನ್ನಾಗಿದೀವಿ. ಕೇಳು. ನನಗೆ ಈ ಮದುವೆ ಬೇಡ."

ಮಹೀನ್ ಕೈಯ ಚಾಕು ಬಿತ್ತು. "ಹುಚ್ಚಿ, ಏನ್ ಹೇಳ್ತಿದೀಯ?" ಎಂದು ಫೋನಿಗೆ ಕೈ ಚಾಚಿದಳು. ಬೀಬಿ ಆ ಕೈಯನ್ನು ಹಿಡಿದು ಕೂರಿಸಿದಳು. ಎಂಬತ್ತು ದಾಟಿದ ಕೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ.

"ಬೇಡ" ಎಂದಳು ಗೋಲ್ನೂಶ್ ಮತ್ತೆ, ಅಮ್ಮನಿಗೋ ಅವನಿಗೋ. "ನಾನೇ ಬೇಡ ಅಂದೆ ಅಂತ ನಿಮ್ಮಮ್ಮನಿಗೆ ಹೇಳು." ಆಮೇಲೆ ಕೇಳಿಸಿಕೊಂಡಳು. ತುಂಬ ಹೊತ್ತೇನಲ್ಲ. ಫೋನನ್ನು ಸೊಪ್ಪಿನ ಪಕ್ಕ ಮೇಲ್ಮುಖವಾಗಿ ಇಟ್ಟಳು.

"ಏನಂದ?" ಮಹೀನ್ ಕೇಳಿದಳು.

"ನಿನ್ನ ಕೈ ನೋಯದಿರ್ಲಿ ಅಂದ."

ಉಪಕಾರ ಮಾಡಿದವರಿಗೆ ನಾವು ಹೇಳುವ ಮಾತು ಅದು. ಮಹೀನ್ ತಲೆ ಚಚ್ಚಿಕೊಂಡು ಒಳಗೆ ಹೋದಳು. ಇರಜ್ "ನನ್ನಿಂದ, ನನ್ನಿಂದ" ಎಂದು ದಿಂಬಿಗೆ ಮುಖ ಹುದುಗಿಸಿದ. ಅವನನ್ನು ಸಮಾಧಾನ ಮಾಡಲು ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ.

ಗೋಲ್ನೂಶ್ ಮತ್ತೆ ಸೊಪ್ಪು ಬಿಡಿಸತೊಡಗಿದಳು. ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ಕಣ್ಣು ಮಾತ್ರ ಫೋನಿನ ಮೇಲೆ. ರಾಶಿ ಮುಗಿಯಿತು. ಮಧ್ಯಾಹ್ನದ ಬಾಂಗ್ ಆಯಿತು. ಅವಳು ಬಿಡಿಸಿಟ್ಟ ಎಲೆಗಳನ್ನೇ ಮತ್ತೆ ಕೆದಕಿ ಕಡ್ಡಿ ಹುಡುಕುತ್ತಿದ್ದಳು. ಬೀಬಿ ಮೊಣಕಾಲು ಹಿಡಿದುಕೊಂಡು ಸರಿದು ಬಂದು ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟಳು.

"ಮತ್ತೆ ಫೋನ್ ಮಾಡ್ತಾನೆ ಬಿಡು" ಎಂದಳು. "ಒಂದು ಲೋಟ ಚಹಾ ಬೇಡ ಅಂದ್ರೂ ಜನ ಮೂರ್ ಸಲ ಕೇಳ್ತಾರೆ."

"ಅವನು ಯಾಕೆ ಅಂತಾನೂ ಕೇಳ್ಲಿಲ್ಲ, ಬೀಬಿ" ಎಂದಳು ಗೋಲ್ನೂಶ್.